ಓಡುವ ಹುಡುಗಿಯ ಬಾಕ್ಸಿನಲ್ಲಿ ವಾಪಸ್ ಬರುವ ಅನ್ನ

ಪ್ರಶ್ನೆ: ನಾವು ದಾವಣಗೆರೆಯ ನಿಟ್ಟುವಳ್ಳಿಯಲ್ಲಿದ್ದೇವೆ. ಜಗಳೂರು ಕಡೆಯ ನಮ್ಮ ಅಕ್ಕನ ಮಗಳು ನಮ್ಮನೆಯಲ್ಲೇ ಇದ್ದು ಪಿಯುಸಿ ಓದುತ್ತಿದ್ದಾಳೆ. ವಯಸ್ಸು 17. 1500 ಮೀಟರ್ ಓಡುತ್ತಾಳೆ. ಬೆಳಿಗ್ಗೆ 5 ಗಂಟೆಗೆ ಎದ್ದು ಹೋದರೆ ದಿನಾ ಹತ್ತು ಕಿಲೋಮೀಟರ್ ಓಡಿ ಬರುತ್ತಾಳೆ. ಎಂಟು ತಿಂಗಳ ಹಿಂದೆ ಕೋಚ್ "ಎರಡು ಕೆಜಿ ಇಳಿಸು, ಟೈಮಿಂಗ್ ತಾನಾಗೇ ಬರುತ್ತೆ" ಎಂದರಂತೆ. ಇವಳು ಐದು ಕೆಜಿ ಇಳಿಸಿ ಈಗ 46 ಆಗಿದ್ದಾಳೆ. 5 ನಿಮಿಷ 2 ಸೆಕೆಂಡ್ ಇದ್ದದ್ದು ಮೊದಲು 4 ನಿಮಿಷ 55ಕ್ಕೆ ಬಂತು. ಈಗ 5 ನಿಮಿಷ 14 ಆಗಿದೆ. ಅನ್ನ ಪೂರ್ತಿ ಬಿಟ್ಟಿದ್ದಾಳೆ, ಬಾಕ್ಸಿನಲ್ಲಿ ರೊಟ್ಟಿ ಪಲ್ಯ ಖಾಲಿಯಾಗಿ ಅನ್ನ ಹಾಗೇ ವಾಪಸ್ ಬರುತ್ತದೆ. ಮುಟ್ಟಾಗಿ ಆರು ತಿಂಗಳಾಯಿತು. ಗ್ರೌಂಡಿನ ಸೀನಿಯರ್ಸ್ "ಅದು ನಿಂತರೆ ಬಾಡಿ ಫಿಟ್ ಆಗಿದೆ ಅಂತ" ಎಂದಿದ್ದಾರೆ. ಮೂರು ವಾರದಿಂದ ಎಡಗಾಲಿನ ಮುಂದಿನ ಎಲುಬು ನೋಯುತ್ತಿದೆ. ಇವಳನ್ನು ಯಾವ ಡಾಕ್ಟರಿಗೆ ತೋರಿಸಬೇಕು? ಅಕ್ಕನಿಗೆ ಹೇಳಲೋ ಬೇಡವೋ?

ಉತ್ತರ: ಮೊದಲು ಕಾಲು ನೋಡೋಣ. ಉಳಿದದ್ದು ನಾಲ್ಕು ದಿನ ತಡವಾದರೂ ನಡೆಯುತ್ತದೆ, ಇದು ನಡೆಯಲ್ಲ. ನಾಳೆಯಿಂದ ಅವಳು ಓಡಬಾರದು.

ಇವತ್ತು ಸಂಜೆ ಅವಳನ್ನು ಕೂರಿಸಿಕೊಂಡು, ಎಡಗಾಲಿನ ಮುಂದಿನ ಎಲುಬಿನ ಒಳಅಂಚಿನ ಮೇಲೆ ಮಂಡಿಯಿಂದ ಕೆಳಕ್ಕೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಬನ್ನಿ. ನೋವು ಒಂದು ಗೇಣಿನಷ್ಟು ಉದ್ದಕ್ಕೆ ಹರಡಿಕೊಂಡಿದ್ದರೆ ಸಾಮಾನ್ಯವಾಗಿ ಅದು ಓಟಗಾರರು ಹೇಳುವ ಶಿನ್ ಪೇನ್. ಒಂದು ರೂಪಾಯಿ ನಾಣ್ಯದಷ್ಟೇ ಜಾಗದಲ್ಲಿ ಒತ್ತಿದ ಕೂಡಲೇ ಕಾಲು ಎಳೆದುಕೊಂಡರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರಬಹುದು. ಇದಕ್ಕೆ ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ಎರಡರಲ್ಲಿ ಯಾವುದಾದರೂ ಎಲುಬಿನ ಡಾಕ್ಟರಿಗೆ ತೋರಿಸಲೇಬೇಕು. ಒಂದು ಮಾತು ನೆನಪಿಡಿ: ಈ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. "ಎಕ್ಸ್‌ರೇ ನಾರ್ಮಲ್ ಇದೆ, ಓಡು" ಎಂದು ಹೇಳಿಸಿಕೊಂಡು ಓಡಿ, ತಿಂಗಳಾದ ಮೇಲೆ ಕುಂಟುತ್ತಾ ಬಂದವರನ್ನು ನೋಡಿದ್ದೇನೆ. ನೋವು ಒಂದೇ ಜಾಗದಲ್ಲಿದ್ದರೆ ಎಂಆರ್‌ಐ ಬೇಕಾ ಅಂತ ನೀವೇ ಕೇಳಿ. ಓಡುವಾಗ ತೊಡೆಸಂದಿಯಲ್ಲಿ ನೋವು ಬರುತ್ತದಾ ಅಂತಲೂ ಅವಳನ್ನು ವಿಚಾರಿಸಿ. ಬರುತ್ತಿದ್ದರೆ ಅದು ಸೊಂಟದ ಕೀಲಿನ ಹತ್ತಿರದ ಬಿರುಕಿರಬಹುದು, ಅದು ಪೂರ್ತಿ ಮುರಿಯುವ ಜಾಗ. ಆಗ ಓಟ ಹಾಗಿರಲಿ, ನಡಿಗೆಯನ್ನೂ ಕಡಿಮೆ ಮಾಡಿ ಅದೇ ದಿನ ತೋರಿಸಬೇಕು.

ಈಗ ಬಾಕ್ಸಿಗೆ ಬರೋಣ. ಟೈಮಿಂಗ್ ಕೆಟ್ಟದ್ದು, ಮುಟ್ಟು ನಿಂತದ್ದು, ಕಾಲು ನೋವು, ಅನ್ನ ಬಿಟ್ಟದ್ದು ಅಂತ ನೀವು ನಾಲ್ಕು ವಿಷಯ ಬರೆದಿದ್ದೀರಿ. ನಾಲ್ಕಕ್ಕೂ ಬೇರು ಒಂದೇ. ಅವಳು ಓಡುವಷ್ಟು ತಿನ್ನುತ್ತಿಲ್ಲ.

ದಾವಣಗೆರೆಯವರಿಗೆ ಇದನ್ನು ಹೇಳೋದು ಸುಲಭ. ಭದ್ರಾ ನಾಲೆಯಲ್ಲಿ ನೀರು ಕಮ್ಮಿಯಾದ ವರ್ಷ ಮೇಲಿನವರ ಗದ್ದೆ ತುಂಬುತ್ತದೆ, ಕೊನೇ ಭಾಗದವರ ಗದ್ದೆ ಬಿರುಕು ಬಿಡುತ್ತದೆ, ಅಲ್ವಾ? ದೇಹವೂ ಹಾಗೇ. ಓಡುವ ಸ್ನಾಯು ತನಗೆ ಬೇಕಾದ್ದನ್ನು ಮೊದಲೇ ಎಳೆದುಕೊಳ್ಳುತ್ತದೆ. ಹೃದಯ, ಮಿದುಳು ತಮ್ಮ ಪಾಲು ಬಿಡುವುದಿಲ್ಲ. ಉಳಿದದ್ದು ಕೊನೇ ಭಾಗಕ್ಕೆ: ಗರ್ಭಕೋಶ, ಎಲುಬು, ಹೊಟ್ಟೆ, ಚರ್ಮ, ಕೂದಲು, ರೋಗ ತಡೆಯುವ ಶಕ್ತಿ. ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಭಾಗ ಇಲ್ಲಿ ನೀರಗಂಟಿ ಇದ್ದ ಹಾಗೆ. ಬರುವುದು ಸಾಲುತ್ತಿಲ್ಲ ಅಂತ ಗೊತ್ತಾದ ಕೂಡಲೇ ಅಂಡಾಶಯಕ್ಕೆ ಹೋಗುವ ಸಂಕೇತವನ್ನು ಕಡಿಮೆ ಮಾಡುತ್ತದೆ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಇಳಿಯುತ್ತದೆ, ಮುಟ್ಟು ನಿಲ್ಲುತ್ತದೆ. ಎಲುಬನ್ನು ಕಾಯುವುದೂ ಅದೇ ಈಸ್ಟ್ರೋಜನ್. ಅದಕ್ಕೇ ಆರು ತಿಂಗಳ ಹಿಂದೆ ಮುಟ್ಟು, ಮೂರು ವಾರದ ಹಿಂದೆ ಕಾಲು.

ಸೀನಿಯರ್ಸ್ ಮಾತಿಗೆ ನಾನು ನಗಲಾರೆ. ಕಾಲೇಜಿನಲ್ಲಿ ನಾನು ಖೋ ಖೋ ಆಡುವಾಗ ನಮ್ಮ ಟೀಮಿನಲ್ಲೂ ಇದೇ ಮಾತಿತ್ತು. ಟೂರ್ನಮೆಂಟ್ ಹೊತ್ತಿಗೆ ಮುಟ್ಟು ಬರದಿದ್ದರೆ ಪುಣ್ಯ ಎಂದುಕೊಳ್ಳುತ್ತಿದ್ದೆವು. ಯಾರೂ ತಿದ್ದಲಿಲ್ಲ. ಓಡುವ ಹುಡುಗಿಗೂ ಓಡದ ಹುಡುಗಿಗೂ ನಿಯಮ ಒಂದೇ: ಸರಿಯಾಗಿ ಬರುತ್ತಿದ್ದ ಮುಟ್ಟು ಮೂರು ತಿಂಗಳು ತಪ್ಪಿದರೆ ಅಥವಾ 15 ತುಂಬಿದರೂ ಮೊದಲ ಮುಟ್ಟು ಆಗದಿದ್ದರೆ ಡಾಕ್ಟರಿಗೆ ತೋರಿಸಬೇಕು.

ಸ್ವಲ್ಪ ಲೆಕ್ಕ ಹಾಕೋಣ. 46 ಕೆಜಿಯಲ್ಲಿ ಕೊಬ್ಬು ಬಿಟ್ಟರೆ ಸುಮಾರು 38 ಕೆಜಿ ಉಳಿಯುತ್ತದೆ ಎಂದುಕೊಳ್ಳಿ. ಹತ್ತು ಕಿಲೋಮೀಟರ್ ಓಟಕ್ಕೆ ಅವಳ ತೂಕಕ್ಕೆ ಹತ್ತಿರ ಹತ್ತಿರ 460 ಕ್ಯಾಲೊರಿ ಖರ್ಚು. ಓಟದ ಮುಂಚಿನ ಹಿಂದಿನ ಕಸರತ್ತೂ ಸೇರಿಸಿ 500 ಅನ್ನೋಣ. ನೀವು ಬರೆದ ಬಾಕ್ಸ್ ನೋಡಿದರೆ ದಿನಕ್ಕೆ 1300 ಕ್ಯಾಲೊರಿ ತಿನ್ನುತ್ತಿರಬಹುದು ಅಂತ ನನ್ನ ಅಂದಾಜು. ಅದರಲ್ಲಿ ಓಟದ 500 ಕಳೆದರೆ ಬದುಕಲು ಉಳಿಯುವುದು 800. ಅದನ್ನು 38ರಿಂದ ಭಾಗಿಸಿದರೆ ಕೆಜಿಗೆ 21 ಬಂತು. ಆರೋಗ್ಯವಾಗಿರಲು 45 ಬೇಕು ಎನ್ನುತ್ತಾರೆ. ಅಮೆರಿಕದ ವಿಜ್ಞಾನಿ ಆನ್ ಲೌಕ್ಸ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಿಯಾಗಿ ಮುಟ್ಟಾಗುತ್ತಿದ್ದ ಹೆಣ್ಣುಮಕ್ಕಳಿಗೆ ಇದನ್ನು 30ಕ್ಕಿಂತ ಕೆಳಗೆ ಇಳಿಸಿದಾಗ ಐದೇ ದಿನದಲ್ಲಿ ಅಂಡಾಶಯಕ್ಕೆ ಹೋಗುವ ಆ ಸಂಕೇತ ಏರುಪೇರಾಗಿತ್ತು. 30 ಅನ್ನೋದು ಲಕ್ಷ್ಮಣರೇಖೆಯಲ್ಲ, ಒಬ್ಬೊಬ್ಬರಿಗೆ ಒಂದೊಂದು. ಆದರೂ 21 ಅಂದರೆ ಯಾರಿಗೂ ಸಾಲಲ್ಲ. ಈ ಹುಡುಗಿಗೆ ಓಟದ ದಿನ ಕನಿಷ್ಠ 2200 ಬೇಕು. ಇನ್ನೂ ಬೆಳೆಯುವ ವಯಸ್ಸು, ಹಾಗಾಗಿ ಜಾಸ್ತಿಯಾದರೆ ತಪ್ಪಿಲ್ಲ.

ಹಾಗಾದರೆ ಮೊದಲು ಟೈಮಿಂಗ್ 4:55ಕ್ಕೆ ಸುಧಾರಿಸಿದ್ದು ಹೇಗೆ ಅಂತ ಕೇಳಬಹುದು. ಅದೇ ಮೋಸ ನೋಡಿ. ಹಗುರಾದ ಮೈ ಒಂದೆರಡು ತಿಂಗಳು ಚೆನ್ನಾಗಿ ಓಡುತ್ತದೆ. ಕೋಚಿಗೂ ಹುಡುಗಿಗೂ "ದಾರಿ ಸರಿ ಇದೆ" ಎನಿಸುತ್ತದೆ, ಇನ್ನೂ ಇಳಿಸುತ್ತಾರೆ. ಆಮೇಲೆ ಸ್ನಾಯು ಕರಗುತ್ತದೆ, ಇವತ್ತಿನ ಸುಸ್ತು ನಾಳೆಗೂ ಹೋಗಲ್ಲ, ನಿದ್ದೆ ಕೆಡುತ್ತದೆ. 5:14 ಆದಾಗ ಅವಳು "ನಾನು ಸಾಕಷ್ಟು ಓಡ್ತಾ ಇಲ್ಲ" ಎಂದುಕೊಂಡು ಎರಡು ರೌಂಡ್ ಜಾಸ್ತಿ ಓಡಿರುತ್ತಾಳೆ. ಕೇಳಿ ನೋಡಿ.

ಇನ್ನೂ ಕೆಲವು ಚಿಹ್ನೆಗಳನ್ನು ಮನೆಯಲ್ಲೇ ಗಮನಿಸಬಹುದು. ಏಪ್ರಿಲ್ ಬಿಸಿಲಲ್ಲೂ ಕೈ ತಣ್ಣಗಿರುವುದು, ಫ್ಯಾನ್ ಬೇಡ ಅನ್ನುವುದು, ಸಣ್ಣ ಮಾತಿಗೆ ಸಿಡುಕುವುದು, ಮಲಬದ್ಧತೆ, ಬಾಚಣಿಗೆ ತುಂಬ ಕೂದಲು, ತಿಂಗಳಿಗೊಮ್ಮೆ ನೆಗಡಿ. ಬೆಳಿಗ್ಗೆ ಹಾಸಿಗೆಯಲ್ಲಿದ್ದಾಗಲೇ ಒಂದು ನಿಮಿಷ ನಾಡಿ ಎಣಿಸಿ. ಓಟಗಾರರಿಗೆ ನಾಡಿ ನಿಧಾನ ಇರುವುದು ಸಹಜ. ಆದರೆ 50ಕ್ಕಿಂತ ಕೆಳಗಿದ್ದು, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಅಥವಾ ಒಮ್ಮೆಯಾದರೂ ತಲೆ ಸುತ್ತಿ ಬಿದ್ದಿದ್ದರೆ, ಅದನ್ನು ಫಿಟ್‌ನೆಸ್ ಅಂದುಕೊಳ್ಳಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಓಡುವಷ್ಟು ತಿನ್ನದೆ ಆಗುವ ಈ ತೊಂದರೆಗೆ ವೈದ್ಯರು ಇಟ್ಟ ಹೆಸರು ರೆಡ್ಸ್. ರಿಲೇಟಿವ್ ಎನರ್ಜಿ ಡೆಫಿಶಿಯನ್ಸಿ ಇನ್ ಸ್ಪೋರ್ಟ್ ಅನ್ನುವುದರ ಚಿಕ್ಕ ರೂಪ. 1990ರ ದಶಕದಲ್ಲಿ ಇದನ್ನು ಹೆಣ್ಣುಮಕ್ಕಳ ಕಾಯಿಲೆ ಅಂತಷ್ಟೇ ಭಾವಿಸಿ, ಊಟ, ಮುಟ್ಟು, ಎಲುಬು ಮೂರನ್ನೂ ಸೇರಿಸಿ ಟ್ರಯಾಡ್, ಅಂದರೆ ತ್ರಿವಳಿ, ಎನ್ನುತ್ತಿದ್ದರು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಇದು ಇಡೀ ದೇಹದ ತೊಂದರೆ, ಗಂಡುಮಕ್ಕಳಿಗೂ ಬರುತ್ತದೆ ಎಂದು ಹೊಸ ಹೆಸರು ಕೊಟ್ಟರು. 2023ರಲ್ಲಿ ಪತ್ತೆ ಮಾಡುವ ಕ್ರಮವನ್ನು ಇನ್ನಷ್ಟು ಸ್ಪಷ್ಟಪಡಿಸಿದರು. ಗಂಡುಮಕ್ಕಳಿಗೆ ಮುಟ್ಟಿನಂಥ ಎಚ್ಚರಿಕೆಯ ಗಂಟೆ ಇಲ್ಲ, ಅದಕ್ಕೇ ತಡವಾಗಿ ಗೊತ್ತಾಗುತ್ತದೆ. ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನ್ ಇಳಿಯುತ್ತದೆ, ಬೆಳಗಿನ ಹೊತ್ತು ಸಹಜವಾಗಿ ಆಗಬೇಕಾದ ನಿಮಿರುವಿಕೆ ನಿಲ್ಲುತ್ತದೆ. ಇದನ್ನು ಯಾವ ಹುಡುಗ ಬಾಯಿಬಿಟ್ಟು ಹೇಳುತ್ತಾನೆ? ನಮ್ಮ ಗರಡಿ ಊರಿನಲ್ಲಿ ಇದನ್ನು ಹೇಳಲೇಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ 50 ಕೆಜಿ ಫೈನಲ್ ದಿನ 100 ಗ್ರಾಂ ಜಾಸ್ತಿ ತೂಗಿ ಅನರ್ಹರಾದಾಗ ಊರಿಗೆ ಊರೇ ಮರುಗಿತು. ತೂಕಕ್ಕಾಗಿ ನೀರು ಬಿಡುವ, ಊಟ ಬಿಡುವ ಹುಡುಗರು ನಮ್ಮ ಓಣಿಯಲ್ಲೂ ಇದ್ದಾರೆ.

ಡಾಕ್ಟರ ವಿಷಯ. ಎರಡು ಮೆಡಿಕಲ್ ಕಾಲೇಜು, ಚಿಗಟೇರಿ ಜಿಲ್ಲಾ ಆಸ್ಪತ್ರೆ ಎಲ್ಲ ಇರುವ ಊರು ನಮ್ಮದು. ದೊಡ್ಡ ಆಸ್ಪತ್ರೆಗೇ ಹೋಗಿ, ಎಲುಬಿನವರು, ಸ್ತ್ರೀರೋಗದವರು, ಡಯಟೀಷಿಯನ್ ಒಂದೇ ಕಡೆ ಸಿಗುತ್ತಾರೆ. ಹೋಗುವಾಗ ಒಂದು ಚೀಟಿಯಲ್ಲಿ ಕೊನೆಯ ಮುಟ್ಟಿನ ತಾರೀಕು, ಎಂಟು ತಿಂಗಳ ತೂಕ, ದಿನಕ್ಕೆ ಎಷ್ಟು ಓಟ, ಹಿಂದಿನ ಒಂದು ದಿನ ತಿಂದದ್ದು ಬರೆದುಕೊಂಡು ಹೋಗಿ. ಒಪಿಡಿಯಲ್ಲಿ ಸಿಗುವ ಸಮಯ ಕಮ್ಮಿ. "ಅವಳು ದಿನಾ ಹತ್ತು ಕಿಲೋಮೀಟರ್ ಓಡ್ತಾಳೆ, ಐದು ಕೆಜಿ ಇಳಿಸಿದಾಳೆ, ಆರು ತಿಂಗಳಿಂದ ಮುಟ್ಟಿಲ್ಲ" ಎಂದು ಮೊದಲ ವಾಕ್ಯದಲ್ಲೇ ಹೇಳಿ.

ಗರ್ಭಧಾರಣೆ ಪರೀಕ್ಷೆ ಮಾಡಿಸಲು ಹೇಳುತ್ತಾರೆ. ಮುಟ್ಟು ನಿಂತ ಯಾರಿಗೇ ಆದರೂ ಮೊದಲು ಮಾಡುವುದು ಅದನ್ನೇ, ಅನುಮಾನಕ್ಕಲ್ಲ. ಇದನ್ನು ಮನೆಯಲ್ಲೇ ಅವಳಿಗೆ ಹೇಳಿ ಕರೆದುಕೊಂಡು ಹೋಗಿ, ಇಲ್ಲದಿದ್ದರೆ ಅಲ್ಲಿ ಮುಖ ಸಣ್ಣಗಾಗಿ ಮುಂದೆ ಬಾಯಿ ಬಿಡಲ್ಲ. ರಕ್ತದಲ್ಲಿ ಹಿಮೋಗ್ಲೋಬಿನ್ ಜೊತೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ಹೇಳುವ ಫೆರಿಟಿನ್, ವಿಟಮಿನ್ ಡಿ, ಮುಟ್ಟಿಗೆ ಸಂಬಂಧಿಸಿದ ಹಾರ್ಮೋನುಗಳಾದ ಪ್ರೊಲ್ಯಾಕ್ಟಿನ್, ಎಲ್‌ಎಚ್, ಎಫ್‌ಎಸ್‌ಎಚ್, ಈಸ್ಟ್ರಡಯೋಲ್ ನೋಡುತ್ತಾರೆ. ಥೈರಾಯ್ಡ್‌ನಲ್ಲಿ ಟಿಎಸ್‌ಎಚ್ ಒಂದೇ ಸಾಲದು, ಟಿ3 ಕೂಡ ಬೇಕು. ಊಟ ಸಾಲದವರಲ್ಲಿ ಟಿಎಸ್‌ಎಚ್ ನಾರ್ಮಲ್ ಇದ್ದು ಟಿ3 ಮಾತ್ರ ಇಳಿದಿರುತ್ತದೆ. ಎಲುಬಿನ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರೆ ಈ ವಯಸ್ಸಿಗೆ ಟಿ ಸ್ಕೋರ್ ಅಲ್ಲ, ಅದೇ ವಯಸ್ಸಿನವರ ಜೊತೆ ಹೋಲಿಸುವ ಝಡ್ ಸ್ಕೋರ್ ನೋಡಬೇಕು.

ಎರಡು ಕಡೆ ಎಡವುವ ಸಾಧ್ಯತೆ ಇದೆ. ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ತುಂಬ ಸಣ್ಣ ಸಣ್ಣ ನೀರಗುಳ್ಳೆ ಕಂಡು "ಪಿಸಿಒಡಿ ಇದೆ, ತೂಕ ಇಳಿಸು, ಅನ್ನ ಬಿಡು" ಎಂದು ಯಾರಾದರೂ ಹೇಳಬಹುದು. ಊಟ ಸಾಲದೆ ಮುಟ್ಟು ನಿಂತವರಲ್ಲೂ ಅಂಡಾಶಯ ಹಾಗೆ ಕಾಣುವುದುಂಟು. ಇವಳಿಗೆ ಆ ಸಲಹೆ ವಿಷ. ಇನ್ನೊಂದು, ಮುಟ್ಟು ಬರಿಸುವ ಮಾತ್ರೆ. ಗರ್ಭನಿರೋಧಕ ಮಾತ್ರೆ ತಗೊಂಡರೆ ತಿಂಗಳು ತಿಂಗಳು ರಕ್ತ ಹೋಗುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಅದು ಮಾತ್ರೆಯ ರಕ್ತಸ್ರಾವ, ಅಂಡಾಶಯ ಎದ್ದಿಲ್ಲ. ಎಲುಬಿಗೂ ಅದರಿಂದ ರಕ್ಷಣೆ ಸಿಗಲ್ಲ. ಜೊತೆಗೆ, ಊಟ ಸಾಕಾಯಿತೋ ಇಲ್ಲವೋ ಅಂತ ಹೇಳುವ ಗಂಟೆಯನ್ನೂ ಕಟ್ಟಿಹಾಕಿದಂತೆ. ಸರಿಯಾಗಿ ಊಟ ಮಾಡಿ ಆರು ತಿಂಗಳು ವರ್ಷ ಆದರೂ ಬರದಿದ್ದರೆ ಚರ್ಮಕ್ಕೆ ಅಂಟಿಸುವ ಹಾರ್ಮೋನ್ ಪಟ್ಟಿಯಂಥ ಬೇರೆ ದಾರಿ ಇದೆ, ಅದು ಆಮೇಲಿನ ಮಾತು.

ಔಷಧ ಅಂದರೆ ಇಲ್ಲಿ ಊಟವೇ. ಒಮ್ಮೆಲೇ ದುಪ್ಪಟ್ಟು ಬೇಡ. ಈಗ ತಿನ್ನುವುದಕ್ಕೆ ದಿನಕ್ಕೆ 300ರಿಂದ 600 ಕ್ಯಾಲೊರಿ ಸೇರಿಸಿ ಶುರು ಮಾಡಿ, ವಾರ ಕಳೆದಂತೆ ಏರಿಸಿ. ತೀರಾ ಬಡಕಲಾದವರಿಗೆ ಮಾತ್ರ ಆಸ್ಪತ್ರೆಯಲ್ಲೇ ಊಟ ಏರಿಸಬೇಕಾಗುತ್ತದೆ.

"ಅನ್ನ ತಿನ್ನು" ಅಂತ ಮೊದಲ ದಿನವೇ ಹಿಡಿಯಬೇಡಿ. ಅವಳ ಮಟ್ಟಿಗೆ ಅನ್ನ ಈಗ ಶತ್ರು. ಶತ್ರು ಅಲ್ಲದ್ದರಿಂದ ಶುರು ಮಾಡಿ. ರೊಟ್ಟಿಗೆ ತುಪ್ಪ ಸವರಿ, ಶೇಂಗಾ ಚಟ್ನಿಪುಡಿಗೆ ಧಾರಾಳವಾಗಿ ಎಣ್ಣೆ ಕಲಸಿ ಕೊಡಿ, ಮಜ್ಜಿಗೆಯ ಜಾಗದಲ್ಲಿ ಗಟ್ಟಿ ಮೊಸರು ಇಡಿ. ತಟ್ಟೆ ದೊಡ್ಡದಾಗಿ ಕಾಣಲ್ಲ, ಲೆಕ್ಕ ಮಾತ್ರ ಏರುತ್ತದೆ. ಕದ್ದು ಬೆರೆಸಬೇಡಿ, ಗೊತ್ತಾದ ದಿನ ನಿಮ್ಮ ಕೈ ಅಡುಗೆಯನ್ನೇ ನಂಬಲ್ಲ. ಮತ್ತೆ, ಜೋಳದ ರೊಟ್ಟಿ, ಸೌತೆಕಾಯಿ, ಮೊಳಕೆಕಾಳು ಒಳ್ಳೆಯದೇ, ಯಾರೂ ಬೇಡ ಅನ್ನಲ್ಲ. ಆದರೆ ನಾರು ಜಾಸ್ತಿ. ಹೊಟ್ಟೆ ತುಂಬಿಬಿಡುತ್ತದೆ, ಲೆಕ್ಕ ತುಂಬಲ್ಲ. ಓಡುವ ಮಕ್ಕಳಿಗೆ ಅನ್ನದ ಗುಣವೇ ಅದು, ಬೇಗ ಇಳಿಯುತ್ತದೆ, ಬೇಗ ಶಕ್ತಿ ಕೊಡುತ್ತದೆ. ಒಂದು ಬಟ್ಟಲು ಅನ್ನಕ್ಕೆ 200 ಕ್ಯಾಲೊರಿ. ಎರಡು ವಾರ ಬಿಟ್ಟು ಮೊಸರನ್ನದಿಂದ ಶುರು ಮಾಡಿ.

ಎಷ್ಟು ಅನ್ನುವುದರಷ್ಟೇ ಯಾವಾಗ ಅನ್ನುವುದೂ ಮುಖ್ಯ. ರಾತ್ರಿ 8ಕ್ಕೆ ಉಂಡವಳು ಬೆಳಿಗ್ಗೆ 5ಕ್ಕೆ ಖಾಲಿ ಹೊಟ್ಟೆಯಲ್ಲಿ ಓಡಿ, ಸ್ನಾನ ಮಾಡಿ, ಬಸ್ ಹಿಡಿದು, ಮಧ್ಯಾಹ್ನ 1ಕ್ಕೆ ಬಾಕ್ಸ್ ತೆಗೆದರೆ 17 ಗಂಟೆ ಆಯಿತು. ನಡುವೆ ಹತ್ತು ಕಿಲೋಮೀಟರ್! ದಿನದ ಒಟ್ಟು ಲೆಕ್ಕ ಸರಿಯಿದ್ದರೂ ಇಷ್ಟು ಹೊತ್ತಿನ ಬರವನ್ನು ದೇಹ ಮರೆಯಲ್ಲ. ಹಾಗಾಗಿ ಮುಂದೆ ಓಟ ಶುರುವಾದಾಗ ಹೊರಡುವ ಮುಂಚೆ ಒಂದು ಬಾಳೆಹಣ್ಣು, ಬೇಕಾದರೆ ಜೊತೆಗೆ ಒಂದು ತುಂಡು ಬೆಲ್ಲ. ಓಟ ಮುಗಿದು ಶೂ ಬಿಚ್ಚುವ ಹೊತ್ತಿಗೆ ಒಂದು ಲೋಟ ಹಾಲು, ಎರಡು ಮೊಟ್ಟೆ ಅಥವಾ ಒಂದು ಹಿಡಿ ಶೇಂಗಾ. ಆಮೇಲೆ ತಿಂಡಿ ತಿಂದೇ ಕಾಲೇಜು. ಅವಲಕ್ಕಿ ಆಗಬಹುದು, ಉಪ್ಪಿಟ್ಟು ಆಗಬಹುದು, ಭಾನುವಾರ ಬೆಣ್ಣೆ ದೋಸೆಯೂ ಆಗಬಹುದು. ದಾವಣಗೆರೆಯಲ್ಲಿದ್ದುಕೊಂಡು ಓಡುವ ಹುಡುಗಿ ಬೆಣ್ಣೆ ದೋಸೆಗೆ ಹೆದರಬಾರದು. ಸಂಜೆಯ ಒಗ್ಗರಣೆ ಮಂಡಕ್ಕಿ ಬಗ್ಗೆ ಮಾತ್ರ ಎಚ್ಚರ, ಅದು ತಟ್ಟೆ ತುಂಬ ಗಾಳಿ. ಶೇಂಗಾ, ಪುಟಾಣಿ ಕೈತುಂಬ ಹಾಕಿದರೆ ಮಾತ್ರ ಅದು ತಿಂಡಿ. ಕ್ಯಾಲ್ಸಿಯಂಗೆ ರಾಗಿಗಿಂತ ಒಳ್ಳೆಯ ಧಾನ್ಯ ಇಲ್ಲ, 100 ಗ್ರಾಂ ಹಿಟ್ಟಿನಲ್ಲಿ 350 ಮಿಲಿಗ್ರಾಂ ಆಸುಪಾಸು ಇರುತ್ತದೆ. ಹಾಲು ಹಾಕಿದ ರಾಗಿ ಗಂಜಿ ಮಲಗುವ ಮುಂಚೆ ಒಂದು ಲೋಟ ಇರಲಿ.

ಇನ್ನೊಂದು ವಿಷಯ ಬಹಳ ಮನೆಗಳಲ್ಲಿ ಗಮನಕ್ಕೆ ಬರಲ್ಲ. ಸರ್ಕಾರಿ ಶಾಲೆಯಲ್ಲಿದ್ದಾಗ ಹತ್ತನೇ ತರಗತಿವರೆಗೆ ಬಿಸಿಯೂಟ, ಹಾಲು, ಮೊಟ್ಟೆ ಸಿಗುತ್ತಿತ್ತು. ಪಿಯುಸಿಗೆ ಬಂದ ದಿನ ಅದು ನಿಂತಿತು. ಓಟ ಜಾಸ್ತಿಯಾದದ್ದೂ ಅದೇ ಹೊತ್ತಿಗೆ. ಹುಡುಗಿ ಏನೂ ಬಿಡದೇ ಇದ್ದರೂ ಅಲ್ಲೇ ಒಂದು ಕೊರತೆ ಶುರುವಾಗಿರುತ್ತದೆ. ಸೋಮವಾರ, ಸಂಕಷ್ಟಿ ಅಂತ ಉಪವಾಸ ಇದ್ದರೆ ಅದೂ ಸದ್ಯಕ್ಕೆ ಬೇಡ.

ಅಕ್ಕನಿಗೆ ಹೇಳಿ. ಆದರೆ ಮೊದಲು ಹುಡುಗಿಗೆ "ನಿಮ್ಮಮ್ಮಂಗೆ ಹೇಳ್ತೀನಿ ಕಣೇ, ನಿನ್ನ ಓಟ ನಿಲ್ಲಿಸೋಕಲ್ಲ, ಉಳಿಸೋಕೆ" ಎಂದು ಹೇಳಿ, ಆಮೇಲೆ ಅಕ್ಕನಿಗೆ ಫೋನ್ ಮಾಡಿ. ಈ ಮಕ್ಕಳು ಬಾಯಿ ಬಿಡದಿರುವುದು ಒಂದೇ ಭಯಕ್ಕೆ: ಓಟ ಬಿಡಿಸಿ ಊರಿಗೆ ಕರೆದುಕೊಂಡು ಹೋಗುತ್ತಾರೆ ಅಂತ. ಅಕ್ಕ ಭಾವ ಕೂಡ ಮೊದಲ ಮಾತಿಗೇ "ಸಾಕು ಬಿಡು ಓಟ" ಅನ್ನಬಹುದು. ಅವರನ್ನು ತಡೆಯುವುದು ನಿಮ್ಮ ಕೆಲಸ. ಅವಳ ಮೈ, ತೂಕದ ಬಗ್ಗೆ ಮಾತು ಬೇಡ. "ಎಷ್ಟು ಸೊರಗಿದೀಯ" ಅನ್ನುವುದೂ ಬೇಡ, ಅವಳ ಕಿವಿಗೆ ಅದು ಹೊಗಳಿಕೆಯಾಗಿ ಕೇಳಿಸಬಹುದು.

ಕೋಚ್ ಜೊತೆ ಜಗಳಕ್ಕೆ ಹೋಗಬೇಡಿ. ಅವರು ಎರಡು ಕೆಜಿ ಅಂದರು, ಇವಳು ಐದು ಇಳಿಸಿದಳು. ಅವರಿಗೂ ತಮ್ಮ ಕಾಲದಲ್ಲಿ ಯಾರೋ ಹೇಳಿಕೊಟ್ಟದ್ದು ಅದೇ. ಎಲುಬಿನ ಡಾಕ್ಟರಿಂದ ಇಷ್ಟು ವಾರ ಓಟ ಇಲ್ಲ ಎಂದು ಚೀಟಿ ಬರೆಸಿಕೊಂಡು ಹೋಗಿ ಕೊಡಿ. ಚೀಟಿ ಇದ್ದರೆ ಅವರಿಗೂ ಮುಖ ಉಳಿಯುತ್ತದೆ, ಇವಳಿಗೂ ನೆಪ ಸಿಗುತ್ತದೆ. ಗ್ರೌಂಡಿನಲ್ಲಿ ಎಲ್ಲರ ಮುಂದೆ ತೂಕ ನೋಡುವ ಪದ್ಧತಿ ಇದ್ದರೆ ಇವಳಿಗೆ ಅದು ಬೇಡ ಎಂದು ಖಂಡಿತ ಹೇಳಿ.

ಊಟ ಏರಿಸಲು ಒಪ್ಪಿ ನಾಲ್ಕು ದಿನಕ್ಕೇ ಅಳು ಶುರುವಾದರೆ, ಉಂಡ ಕೂಡಲೇ ಬಚ್ಚಲಿಗೆ ಹೋಗುತ್ತಿದ್ದರೆ, ದಿನಕ್ಕೆ ಮೂರು ಸಲ ತೂಕ ನೋಡಿಕೊಳ್ಳುತ್ತಿದ್ದರೆ, ಬೇಡ ಅಂದರೂ ಕದ್ದು ಓಡುತ್ತಿದ್ದರೆ ವಿಷಯ ಊಟದ ಲೆಕ್ಕವನ್ನು ದಾಟಿದೆ ಎಂದರ್ಥ. ಆಗ ಡಯಟೀಷಿಯನ್ ಒಬ್ಬರೇ ಸಾಲಲ್ಲ, ಮನೋವೈದ್ಯರು ಬೇಕು. ಹೇಗೆ ಶುರು ಮಾಡುವುದು ಅಂತ ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಎತ್ತುತ್ತಾರೆ.

ಎಷ್ಟು ದಿನ ಬೇಕು? ಬಿರುಕು ಇದ್ದರೆ ಕಾಲಿಗೆ ಆರರಿಂದ ಎಂಟು ವಾರ. ಆ ಹೊತ್ತಿನಲ್ಲಿ ನೋವಿಲ್ಲದ ಕಸರತ್ತು ಯಾವುದು ಅಂತ ಡಾಕ್ಟರನ್ನೇ ಕೇಳಿ, ಸುಮ್ನೆ ಕೂರಿಸಿದರೆ ತಲೆ ಕೆಡುತ್ತದೆ. ಓಡುತ್ತಿಲ್ಲ ಅಂತ ಊಟ ಮಾತ್ರ ಇಳಿಸಬಾರದು, ಎಲುಬು ಕೂಡಲೂ ಶಕ್ತಿ ಬೇಕು. ಮೊದಲು ಸರಿಹೋಗುವುದು ನಿದ್ದೆ, ಸಿಡುಕು, ಕೈಯ ತಣ್ಣಗಿರುವಿಕೆ. ಎರಡು ಮೂರು ಕೆಜಿ ಏರುತ್ತದೆ, ಹೊಟ್ಟೆ ಉಬ್ಬರಿಸಿದ ಹಾಗಾಗುತ್ತದೆ, ಇದನ್ನು ಮುಂಚೆಯೇ ಅವಳಿಗೆ ಹೇಳಿಟ್ಟಿರಿ. ಮುಟ್ಟು ಬರಲು ಕೆಲವರಿಗೆ ಮೂರು ತಿಂಗಳು, ಕೆಲವರಿಗೆ ಆರಕ್ಕೂ ಜಾಸ್ತಿ. ಎಲುಬು ಎಲ್ಲಕ್ಕಿಂತ ನಿಧಾನ.

ಬಾಕ್ಸ್ ತೊಳೆಯುವಾಗ ನೋಡುವುದನ್ನು ಬಿಡಬೇಡಿ. ಅವಳ ಎದುರಿಗೆ ಮಾತ್ರ ಮುಚ್ಚಳ ತೆಗೆಯಬೇಡಿ. ರಿಪೋರ್ಟ್ ಬಂದ ಮೇಲೆ ಫೆರಿಟಿನ್, ಟಿ3 ಎರಡೂ ಎಷ್ಟಿದೆ ಅಂತ ಬರೆಯಿರಿ, ಮುಂದಿನದನ್ನು ಆಗ ಹೇಳುತ್ತೇನೆ.